ನಾಯಕಿ ಸಾಯಲು ಗೈಡ್ ಸಹಿ ಬೇಕು

(ಸಾಂತಾಕ್ರೂಜ್ ಪೂರ್ವ. ಸ್ಟೇಷನ್ನಿನಿಂದ ಮುಂಬಯಿ ವಿಶ್ವವಿದ್ಯಾಲಯದ ಕಲೀನಾ ಆವರಣದ ಕಡೆಗೆ ಹೋಗುವ ದಾರಿಯಲ್ಲಿ ಒಂದು ಉಡುಪಿ ಹೋಟೆಲು. ಮಧ್ಯಾಹ್ನ ಮೂರೂವರೆ. ಊಟದವರು ಎದ್ದು ಹೋಗಿದ್ದಾರೆ, ಚಾದವರು ಇನ್ನೂ ಬಂದಿಲ್ಲ. ಗಲ್ಲೆಯಲ್ಲಿ ಭೋಜ ಮಾವ. ಲ್ಯಾಪ್‌ಟಾಪ್ ಚೀಲ ಹೆಗಲಿಗೇರಿಸಿಕೊಂಡು ಸುಧೀರ ಒಳಗೆ ಬರುತ್ತಾನೆ.)

ಸುಧೀರ: ಮಾವ, ಸಿನಾಪ್ಸಿಸ್ ಆಯ್ತು!

ಮಾವ: ಅಯ್ಯೋ, ಯಾವಾಗಿನಿಂದ? ಡಾಕ್ಟರಿಗೆ ತೋರಿಸಿದ್ಯಾ?

ಸುಧೀರ: ಕಾಯಿಲೆ ಅಲ್ಲ ಮಾವ. ಪಿಎಚ್.ಡಿ.ಗೆ ಕೊಡುವ ಸಾರಾಂಶ. ನಾನೇ ಡಾಕ್ಟರ್ ಆಗ್ಲಿಕ್ಕೆ.

ಮಾವ: ಹಾಗಾದ್ರೆ ಕಾಯಿಲೆಯೇ. ಕೂತ್ಕೋ. ಸದಾ, ಎರಡು ಕಟಿಂಗ್ ತಾ. ಎಂತ ಹೆಸರಿಟ್ಟಿದ್ದಿ ಅದಕ್ಕೆ?

ಸುಧೀರ: (ಗಂಟಲು ಸರಿಮಾಡಿಕೊಂಡು) ‘ಯಶವಂತ ಚಿತ್ತಾಲರ ಕಾದಂಬರಿಗಳಲ್ಲಿ ನಗರಪ್ರಜ್ಞೆ: ಒಂದು ಅಧ್ಯಯನ.’

ಮಾವ: ಒಂದೇ?

ಸುಧೀರ: ಎಂತ ಒಂದೇ?

ಮಾವ: ಅಧ್ಯಯನ. ಮೂರು ವರ್ಷಕ್ಕಿಂತ ಮೊದಲು ಮುಗಿಸ್ಲಿಕ್ಕೆ ಇಲ್ಲ, ಆರು ವರ್ಷದವರೆಗೆ ಎಳೀಬಹುದು ಅಂತ ನೀನೇ ಹೇಳಿದ್ದು. ಆರು ವರ್ಷಕ್ಕೆ ಒಂದೇ ಅಧ್ಯಯನ ಅಂದ್ರೆ ದಿನಕ್ಕೆಷ್ಟು ಬಿತ್ತು? ಆ ಲೆಕ್ಕದಲ್ಲಿ ಭಟ್ರು ಇಡ್ಲಿ ಬೇಯಿಸಿದ್ರೆ ನಾನು ಬಾಗಿಲು ಹಾಕಿ ಊರಿನ ಬಸ್ಸು ಹತ್ತಬೇಕು.

ಸುಧೀರ: ಅದು ಪದ್ಧತಿ ಮಾವ. ಎಲ್ಲರ ಶೀರ್ಷಿಕೆಯಲ್ಲೂ ಹಾಗೇ ಇರ್ತದೆ.

ಮಾವ: ಸರಿ ಹಾಗಾದ್ರೆ. ಸದಾ, ಚಾದ ಜೊತೆಗೆ ಗೋಳಿಬಜೆ: ಒಂದು ಅಧ್ಯಯನ.

ಸದಾ: (ಅಡುಗೆಮನೆಗೆ ಕೂಗಿ) ಭಟ್ರೇ, ಒಂದು ಗೋಳಿಬಜೆ, ಒಂದು ಅಧ್ಯಯನ!

ಮಾವ: ನೋಡು, ಅವನಿಗೆ ಎಷ್ಟು ಬೇಗ ಅರ್ಥ ಆಯ್ತು. ಇರಲಿ, ‘ಶಿಕಾರಿ’ ಓದಿದ್ಯಾ?

ಸುಧೀರ: ಓದದೆ ಇರ್ತೇನಾ ಮಾವ? 1979ರ ಕಾದಂಬರಿ. ನವ್ಯದ ಮೈಲಿಗಲ್ಲು.

ಮಾವ: ಮೈಲಿಗಲ್ಲು ದಾರಿಯಲ್ಲಿ ಹೋಗುವವನಿಗೂ ಕಾಣ್ತದೆ. ಒಳಗೆ ಹೋಗಿದ್ಯಾ ಅಂತ ಕೇಳಿದ್ದು. ನಾಗಪ್ಪ ಎಲ್ಲಿ ಕೆಲಸ ಮಾಡ್ತಿದ್ದ?

ಸುಧೀರ: ನಾಗಪ್ಪ... ನಾಗಪ್ಪ ಮೂಲತಃ ಅನಾಥಪ್ರಜ್ಞೆಯಲ್ಲಿ...

ಮಾವ: ಅದು ಯಾವ ಸ್ಟೇಷನ್ನಿನ ಹತ್ತಿರ ಬರ್ತದೆ? ಈಸ್ಟಾ, ವೆಸ್ಟಾ?

ಸುಧೀರ: ಮಾವ!

ಮಾವ: ಅಲ್ಲ ಮಾರಾಯ, ಪಗಾರ ಯಾರು ಕೊಡ್ತಿದ್ರು ಅವನಿಗೆ? ಅನಾಥಪ್ರಜ್ಞೆಯವರು ತಿಂಗಳ ಏಳನೇ ತಾರೀಕಿಗೆ ಕೊಡ್ತಿದ್ರಾ? ಅವನು ಕೆಮಿಕಲ್ ಕಂಪನಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದವ. ಒಂದು ದಿನ ಅಮಾನತು ಮಾಡ್ತಾರೆ. ತಾನು ಮಾಡಿದ ತಪ್ಪು ಎಂತದ್ದು ಅಂತ ಅವನಿಗೇ ನೆಟ್ಟಗೆ ಗೊತ್ತಿಲ್ಲ. ಯಾರು ಬೇಟೆಗಾರ, ಯಾರು ಮಿಗ ಅಂತ ಹುಡುಕುವುದೇ ಕಥೆ. ನಾನು ಓದುವಾಗ ಫೋರ್ಟಿನ ಒಂದು ಹೋಟೆಲಿನಲ್ಲಿ ಸಪ್ಲಾಯರ್. ರಾತ್ರಿಶಾಲೆ ಮುಗಿಸಿ ಬಂದು, ಮಾಳಿಗೆಯಲ್ಲಿ ಹನ್ನೆರಡು ಜನ ಮಲಗಿದಲ್ಲಿ ಟಾರ್ಚ್ ಹಿಡಿದು ಓದಿದ್ದು. ಮರುದಿನ ಮ್ಯಾನೇಜರ್ ಹೆಸರು ಹಿಡಿದು ಕರೆದ್ರೆ ಎದೆ ಢವಢವ ಅಂತಿತ್ತು.

ಸುಧೀರ: ನಾನು... ನಿಜ ಹೇಳ್ಬೇಕಂದ್ರೆ, ‘ಶಿಕಾರಿ’ ಬಗ್ಗೆ ಬಂದ ಮೂರು ಪ್ರಬಂಧ ಓದಿದ್ದೇನೆ. ಶೋಧಗಂಗಾ ಜಾಲತಾಣದಿಂದ ಇಳಿಸಿಕೊಂಡು.

ಮಾವ: ಆ ಮೂವರು ಓದಿದ್ರಾ?

ಸುಧೀರ: ಮೂರನೆಯವರು ಎರಡನೆಯವರನ್ನು ಓದಿದ್ದಾರೆ.

ಮಾವ: ಎರಡನೆಯವರು ಮೊದಲಿನವರನ್ನು. ಮೊದಲಿನವರು?

ಸುಧೀರ: ಬೆನ್ನುಡಿ ಓದಿರಬೇಕು ಅಂತ ಕಾಣ್ತದೆ.

(ಸದಾ ಗೋಳಿಬಜೆ ತಂದಿಡುತ್ತಾನೆ.)

ಸದಾ: ಭೋಜಣ್ಣ, ಗೋಳಿಬಜೆ ಬಂತು. ಅಧ್ಯಯನ ಖಾಲಿಯಂತೆ, ಭಟ್ರು ಹೇಳಿದ್ರು.

ಮಾವ: ಭಟ್ರಿಗೆ ಕಲೀನಾದ ವಿಷಯ ಮೊದಲೇ ಗೊತ್ತಿರಬೇಕು. ಅಧ್ಯಾಯ ಎಲ್ಲ ಹೇಗೆ ಮಾಡಿದ್ದಿ?

ಸುಧೀರ: ಒಂದು, ಪ್ರಸ್ತಾವನೆ. ಎರಡು, ಕನ್ನಡ ಕಾದಂಬರಿಯ ಉಗಮ ಮತ್ತು ವಿಕಾಸ. 1899ರ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ಯಿಂದ ಶುರು. ಮೂರು, ಚಿತ್ತಾಲರ ಬದುಕು ಬರಹ...

ಮಾವ: ನಿಲ್ಲು. ಚಿತ್ತಾಲರಿಗೆ ಬರ್ಲಿಕ್ಕೆ ಇಂದಿರಾಬಾಯಿಯನ್ನು ಯಾಕೆ ಎಬ್ಬಿಸ್ತೀ? ಪಾಪ ಆ ಹೆಂಗಸಿಗೆ ನೂರಿಪ್ಪತ್ತು ವರ್ಷ ದಾಟಿತು, ಪ್ರತಿಯೊಬ್ಬ ಪಿಎಚ್.ಡಿ.ಯವನೂ ಎರಡನೇ ಅಧ್ಯಾಯಕ್ಕೆ ಎಳ್ಕೊಂಡು ಬರ್ತಾನೆ. ಇದು ಸಾಂತಾಕ್ರೂಜಿನಿಂದ ಕಲೀನಾಕ್ಕೆ ಹೋಗುವವ ಮೊದಲು ವಿರಾರಿಗೆ ಹೋಗಿ, ಅಲ್ಲಿ ವಿಂಡೋ ಸೀಟ್ ಹಿಡಿದು, ವಾಪಸ್ ಸಾಂತಾಕ್ರೂಜಿಗೆ ಬಂದು ಇಳಿದ ಹಾಗಾಯ್ತು.

ಸುಧೀರ: ಅದಕ್ಕೇ ಮಾವ, ನಿನ್ನೆ ರಾತ್ರಿ ನನಗೆ ಬೇರೆಯೇ ಒಂದು ಯೋಚನೆ ಬಂತು. ಚಿತ್ತಾಲರನ್ನು ಬಿಟ್ಟು ನಾನೇ ಒಂದು ಕಾದಂಬರಿ ಬರೆದು ಅದನ್ನೇ ಪ್ರಬಂಧ ಅಂತ ಕೊಟ್ರೆ? ಹೊರದೇಶದಲ್ಲಿ ಅದು ನಡೀತದೆ. ಅಮೆರಿಕದ ಅಯೋವಾದಲ್ಲಿ 1936ರಿಂದ ಬರವಣಿಗೆ ಕಲಿಸ್ತಾರೆ. ಇಂಗ್ಲೆಂಡಿನ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾಲಯದಲ್ಲಿ ಮ್ಯಾಲ್ಕಂ ಬ್ರ್ಯಾಡ್‌ಬರಿ, ಆಂಗಸ್ ವಿಲ್ಸನ್ ಅಂತ ಇಬ್ಬರು 1970ರಲ್ಲಿ ಶುರು ಮಾಡಿದ್ರು. ಮೊದಲ ವಿದ್ಯಾರ್ಥಿ ಇಯಾನ್ ಮೆಕ್ಯೂವನ್. ಕಜುವೊ ಇಶಿಗುರೊ ಅಲ್ಲಿಯೇ ಎಂ.ಎ. ಮಾಡಿದ. 1982ರಲ್ಲಿ ಮೊದಲ ಕಾದಂಬರಿ, 2017ರಲ್ಲಿ ನೊಬೆಲ್!

ಮಾವ: ನೊಬೆಲಿನವರು ಅಂಕಪಟ್ಟಿ ಕೇಳಿದ್ರಾ?

ಸುಧೀರ: ನೀವು ತಮಾಷೆ ಮಾಡ್ತೀರಿ. ನಾನು ನೀಲನಕ್ಷೆಯನ್ನೇ ಹಾಕಿದ್ದೇನೆ. ಡೊಂಬಿವಲಿಯ ಹುಡುಗಿ, ಹೆಸರು ಶಾಂಭವಿ. ಏಳು ಅಧ್ಯಾಯ. ಪ್ರತಿ ಅಧ್ಯಾಯಕ್ಕೂ ಒಂದು ಹೈಪೋಥಿಸಿಸ್, ಕೊನೆಯಲ್ಲಿ ಫಲಿತಾಂಶ.

ಮಾವ: ಶಾಂಭವಿ ಬದುಕ್ತಾಳಾ, ಸಾಯ್ತಾಳಾ?

ಸುಧೀರ: ಅದು ಬರೆಯುತ್ತಾ ಹೋದ ಹಾಗೆ...

ಮಾವ: ಬರೆಯುತ್ತಾ ಹೋದ ಹಾಗೆ ಅಂದ್ರೆ ಆಗ್ಲಿಕ್ಕಿಲ್ಲ ಮಗನೇ. ಸಿನಾಪ್ಸಿಸ್ಸಿನಲ್ಲಿ ಬರೀಬೇಕು. ಅಲ್ಲಿ ಬದುಕ್ತಾಳೆ ಅಂತ ಬರೆದು, ಐದನೇ ಅಧ್ಯಾಯದಲ್ಲಿ ಅವಳಿಗೆ ಡೊಂಬಿವಲಿ ಫಾಸ್ಟ್‌ನಲ್ಲಿ ಉಸಿರು ಕಟ್ಟಿತು ಅಂತಿಟ್ಕೋ. ಗೈಡ್ ಸಹಿ ಇಲ್ಲದೆ ಸಾಯ್ಲಿಕ್ಕುಂಟಾ? ಗೈಡ್ ರಜೆಯಲ್ಲಿದ್ರೆ?

ಸುಧೀರ: ಬದಲಾವಣೆಗೆ ಅರ್ಜಿ ಕೊಡಬಹುದು. ಅದು ಆರ್‌ಆರ್‌ಸಿ ಮುಂದೆ ಹೋಗ್ತದೆ.

ಮಾವ: ಅದೆಂತದು?

ಸುಧೀರ: ಸಂಶೋಧನಾ ಮಾನ್ಯತಾ ಸಮಿತಿ.

ಮಾವ: ಅಂದ್ರೆ ಸಮಿತಿ ಸೇರುವವರೆಗೆ ಆ ಹುಡುಗಿ ಐಸಿಯುವಿನಲ್ಲಿ ಮಲಗಿರಬೇಕು. ಸಮಿತಿಯವರು ಬಂದು, ಚಾ ಬಿಸ್ಕೆಟ್ ಆಗಿ, ‘ನಾಯಕಿಯ ಸಾವು: ಒಂದು ಅಧ್ಯಯನ’ ಅಂತ ತಿದ್ದಿಕೊಂಡು ಬನ್ನಿ ಅಂತಾರೆ. ನೀನು ತಿದ್ದಿಕೊಂಡು ಹೋಗುವಾಗ ಅವಳು ಗುಣವಾಗಿ ಮನೆಗೆ ಹೋಗಿರ್ತಾಳೆ.

(ಒಬ್ಬ ಗಿರಾಕಿ ಬಿಲ್ಲು ಕೊಡಲು ಬರುತ್ತಾನೆ.)

ಗಿರಾಕಿ: ಶೇಠ್, ವೋ ಲಡಕಾ ಅಂದರ್ ಕುಛ್ ಅಧ್ಯಯನ್ ಬೋಲಾ. ನಯಾ ಐಟಂ ಹೈ ಕ್ಯಾ?

ಮಾವ: ಪುರಾನಾ ಹೈ ಭಾಯ್. ಪೇಟ್ ನಹೀ ಭರತಾ. (ಚಿಲ್ಲರೆ ಕೊಟ್ಟು ಕಳಿಸಿ) ಮತ್ತೆ ಕೃತಿಚೌರ್ಯದ ಪರೀಕ್ಷೆ ಬೇರೆ ಉಂಟಲ್ಲ?

ಸುಧೀರ: ಉಂಟು. 2018ರ ಯುಜಿಸಿ ನಿಯಮ. ಬೇರೆಯವರ ಬರಹದ ಜೊತೆ ಹೋಲಿಕೆ ಶೇಕಡ 10ರ ಒಳಗಿದ್ರೆ ತೊಂದರೆಯಿಲ್ಲ.

ಮಾವ: ಮುಂಬಯಿ ಕಾದಂಬರಿಯಲ್ಲಿ ‘ಮಳೆ ಸುರಿಯುತ್ತಿತ್ತು, ಲೋಕಲ್ ತಡವಾಗಿತ್ತು’ ಅಂತ ಬರೆದ ಕೂಡಲೇ ಆ ಹತ್ತೂ ಮುಗೀತು. ಮುಂದಿನ ಇನ್ನೂರು ಪುಟ ಬಿಸಿಲಲ್ಲಿ, ಬೆಸ್ಟ್ ಬಸ್ಸಿನಲ್ಲಿ ಕಳೀಬೇಕು ಶಾಂಭವಿ.

ಸುಧೀರ: ಕಲಿಯದೆ ಬರೀಲಿಕ್ಕಾಗ್ತದಾ ಮಾವ? ಕಾದಂಬರಿಗೂ ಒಂದು ಶಾಸ್ತ್ರ ಬೇಡವಾ?

ಮಾವ: ಚಿತ್ತಾಲರು ಕಲಿತದ್ದು ಎಂತ ಗೊತ್ತುಂಟಾ? ಕೆಮಿಕಲ್ ತಂತ್ರಜ್ಞಾನ. ಮೊದಲು ಮುಂಬಯಿಯಲ್ಲಿ, ಆಮೇಲೆ ಅಮೆರಿಕದ ನ್ಯೂಜೆರ್ಸಿಯಲ್ಲಿ, ಸ್ಟೀವನ್ಸ್ ಇನ್‌ಸ್ಟಿಟ್ಯೂಟಿನಲ್ಲಿ. ಕೆಲಸ ಬೇಕ್‌ಲೈಟ್ ಹೈಲಾಮಿನಲ್ಲಿ. ಹಗಲು ಪ್ಲಾಸ್ಟಿಕ್ಕು, ರಾತ್ರಿ ಹುಟ್ಟೂರು ಹನೇಹಳ್ಳಿ. ನಮ್ಮ ಕೋಟದ ಕಾರಂತರು ಗಾಂಧಿ ಕರೆದ್ರು ಅಂತ ಕಾಲೇಜನ್ನೇ ಬಿಟ್ಟವರು. ‘ಮರಳಿ ಮಣ್ಣಿಗೆ’ ತೆಗೆದು ನೋಡು, ಬೆಂಗಳೂರಿಗೆ ಹೋಗಿ ಹೋಟೆಲಿಟ್ಟವನ ದುಡ್ಡು ಊರಲ್ಲಿ ಹೇಗೆ ಸದ್ದು ಮಾಡ್ತದೆ ಅಂತ ನಾವು ಹೋಟೆಲಿನವರು ಓದಿ ನಾಚಿಕೊಳ್ಳಬೇಕು. ಆಮೇಲೆ ಆ ಕಾರಂತರಿಗೆ ವಿಶ್ವವಿದ್ಯಾಲಯದವರೇ ಕರೆದು ಕರೆದು ಗೌರವ ಡಾಕ್ಟರೇಟ್ ಕೊಟ್ರು.

ಸುಧೀರ: ನಿಮಗೆ ಬೇಕಾದವರನ್ನು ಮಾತ್ರ ಹೇಳ್ತೀರಿ. ಭೈರಪ್ಪನವರು ಪಿಎಚ್.ಡಿ. ಮಾಡಿಲ್ಲವಾ, ಬರೋಡಾದಲ್ಲಿ?

ಮಾವ: ಮಾಡಿದ್ದಾರೆ. ಸತ್ಯ ಮತ್ತು ಸೌಂದರ್ಯದ ಮೇಲೆ, ತತ್ವಶಾಸ್ತ್ರದಲ್ಲಿ. ಅದಕ್ಕೂ ಎಷ್ಟೋ ಮೊದಲು ಇದೇ ಮುಂಬಯಿಯ ರೈಲ್ವೆ ಸ್ಟೇಷನ್ನಿನಲ್ಲಿ ಹಮಾಲಿ ಮಾಡಿದ್ದಾರೆ. ನೀನು ಲಾಂಡ್ರಿ ಚೀಲ ಕೂಡ ಅಮ್ಮನ ಕೈಯಲ್ಲಿ ಹೊರಿಸ್ತೀ.

ಸುಧೀರ: ಅನಂತಮೂರ್ತಿ? ಅವರದ್ದು ತತ್ವಶಾಸ್ತ್ರ ಅಲ್ಲ, ಕಾದಂಬರಿ ಮೇಲೆಯೇ ಪ್ರಬಂಧ. ಬರ್ಮಿಂಗ್‌ಹ್ಯಾಮಿನಲ್ಲಿ. ಈಗೇನು ಹೇಳ್ತೀರಿ?

ಮಾವ: ಬಂದ್ಯಾ ದಾರಿಗೆ! ಅಲ್ಲಿ ಅವರ ಗೈಡ್ ಯಾರು?

ಸುಧೀರ: ಅಷ್ಟು ನೋಡಿಲ್ಲ.

ಮಾವ: ನೀನು ಈಗ ಹೇಳಿದೆಯಲ್ಲ, ಈಸ್ಟ್ ಆಂಗ್ಲಿಯಾದಲ್ಲಿ ಕಾದಂಬರಿ ಕ್ಲಾಸು ಶುರು ಮಾಡಿದವ. ಅದೇ ಬ್ರ್ಯಾಡ್‌ಬರಿ.

ಸುಧೀರ: (ಗೋಳಿಬಜೆ ಕೈಯಲ್ಲೇ ಉಳಿದು) ಹೌದಾ?

ಮಾವ: ಹೌದು. ಆ ಕ್ಲಾಸು ಶುರುವಾಗ್ಲಿಕ್ಕೆ ಆಗ ಇನ್ನೂ ಸುಮಾರು ವರ್ಷ ಇತ್ತು. ಇವರು ಪ್ರಬಂಧ ಬರೀಲಿಕ್ಕೆ ಹೋದದ್ದು 1930ರ ದಶಕದ ಇಂಗ್ಲಿಷ್ ಕಾದಂಬರಿಯ ಮೇಲೆ. ಇಷರ್‌ವುಡ್, ಅಪ್‌ವರ್ಡ್ ಅಂತ ಯಾರೋ ಇಬ್ಬರು, ರಾಜಕೀಯ, ಅದು ಇದು. ಒಂದು ದಿನ ಗೈಡೂ ಶಿಷ್ಯನೂ ಬರ್ಗ್‌ಮನ್‌ನ ‘ಸೆವೆಂತ್ ಸೀಲ್’ ಸಿನೆಮಾಕ್ಕೆ ಹೋದ್ರು. ಸ್ವೀಡಿಷ್ ಭಾಷೆ, ಕೆಳಗೆ ಇಂಗ್ಲಿಷ್ ಅಕ್ಷರವೂ ಇಲ್ಲ. ಆ ಸಿನೆಮಾದಲ್ಲಿ ಪ್ಲೇಗು. ನೋಡಿ ಬಂದು ಇವರು ಕೂತು ಬರೆದದ್ದು ಯಾವುದನ್ನು? ಪ್ರಬಂಧ ಬದಿಗಿಟ್ಟು, ಕನ್ನಡದಲ್ಲಿ, ತುಂಗೆಯ ಕಡೆಯ ಅಗ್ರಹಾರ, ಪ್ರಾಣೇಶಾಚಾರ್ಯ, ಸತ್ತ ನಾರಣಪ್ಪ, ಪ್ಲೇಗು. 1965ರಲ್ಲಿ ‘ಸಂಸ್ಕಾರ’ ಬಂತು. ಪ್ರಬಂಧಕ್ಕೆ ಡಾಕ್ಟರೇಟ್ ಬಂದದ್ದು ಮರುವರ್ಷ. ಈಗ ನೀನು ಹೇಳು, ‘ಸಂಸ್ಕಾರ’ವನ್ನು ಅವರು ಆರ್‌ಆರ್‌ಸಿ ಮುಂದೆ ಇಟ್ಟಿದ್ರಾ?

ಸುಧೀರ: ಇಡ್ಲಿಲ್ಲ.

ಮಾವ: ಇಟ್ಟಿದ್ರೆ ನಾರಣಪ್ಪನ ಹೆಣ ಇವತ್ತಿಗೂ ಅಲ್ಲೇ ಬಿದ್ದಿರ್ತಿತ್ತು. ಹೆಣ ಎತ್ತುವವರು ಯಾರು ಅಂತ ಅಗ್ರಹಾರದಲ್ಲಿಯೇ ಇತ್ಯರ್ಥ ಆಗ್ಲಿಲ್ಲ, ಇನ್ನು ಸಮಿತಿಯಲ್ಲಿ?

ಸದಾ: ಭೋಜಣ್ಣ, ಮೂರನೇ ಟೇಬಲ್ಲಿಗೆ ಮಸಾಲೆ ದೋಸೆ: ಒಂದು ಅಧ್ಯಯನ!

ಮಾವ: ಸಾಕು ಮಾರಾಯ, ಒಂದು ಸಲ ಹೇಳಿದ್ರೆ ಚಂದ.

ಸದಾ: ನೀವು ಎರಡು ಸಲ ಹೇಳಿದ್ರಿ.

ಮಾವ: ನಾನು ಗಲ್ಲೆಯಲ್ಲಿ ಕೂತವ.

ಸುಧೀರ: ಹಾಗಾದ್ರೆ ನಿಮ್ಮ ಮಾತಿನ ಅರ್ಥ, ಸಂಶೋಧನೆಯೇ ಬೇಡ ಅಂತ.

ಮಾವ: ಯಾರು ಹಾಗೆ ಹೇಳಿದ್ದು? ಶ್ರೀನಿವಾಸ ಹಾವನೂರರ ಹೆಸರು ಕೇಳಿದ್ದಿಯಲ್ಲ. ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಗ್ರಂಥಪಾಲರು. ಸುತ್ತ ಅಣುವಿಜ್ಞಾನಿಗಳು, ಇವರ ತಲೆಯಲ್ಲಿ ಹತ್ತೊಂಬತ್ತನೇ ಶತಮಾನದ ಹಳೆ ಕನ್ನಡ ಪತ್ರಿಕೆ, ಮಿಶನರಿಗಳ ಕಾಗದ. ಧೂಳು ಕುಡಿದು ‘ಹೊಸಗನ್ನಡದ ಅರುಣೋದಯ’ ಬರೆದ್ರು. ಆಮೇಲೆ ನಿನ್ನ ಕಲೀನಾದಲ್ಲಿಯೇ ಕನ್ನಡ ವಿಭಾಗ ನೋಡಿಕೊಂಡವರು. ಅದು ಹುಡುಕಾಟ. ಇಲ್ಲದೆ ಇದ್ದದ್ದನ್ನು ತಂದು ಮೇಜಿನ ಮೇಲೆ ಹಾಕಿದ್ದು. ನೀವು ಮಾಡುವುದು ಹಾಗಲ್ಲ. ಅಚ್ಚು ಮೊದಲೇ ಇಟ್ಕೊಳ್ಳುವುದು: ನಗರಪ್ರಜ್ಞೆ, ಸ್ತ್ರೀಪ್ರಜ್ಞೆ, ಅನಾಥಪ್ರಜ್ಞೆ. ಯಾವ ಕಾದಂಬರಿ ಸಿಕ್ಕಿದ್ರೂ ಅದರಲ್ಲಿ ಒತ್ತುವುದು. ಅಚ್ಚಿಗೆ ಸಿಕ್ಕದ್ದು ಬಿಸಾಡುವುದು. ಸರ್, ನಿಮ್ಮ ಸೀರೆ ಬಹಳ ಚೆನ್ನಾಗಿದೆ, ಅಳತೆಪಟ್ಟಿಗಿಂತ ಉದ್ದ ಇರುವುದರಿಂದ ಕತ್ತರಿಸಿದ್ದೇವೆ!

ಸುಧೀರ: ನೀವು ಗಲ್ಲೆಯಲ್ಲಿ ಕೂತು ಭಾಷಣ ಮಾಡ್ತೀರಿ. ನನಗೆ ಕೆಲಸ ಬೇಕು ಮಾವ. ಪಿಎಚ್.ಡಿ. ಇದ್ರೆ ಕಾಲೇಜಿನಲ್ಲಿ ಸಿಕ್ಕುವ ಆಸೆಯಾದ್ರೂ ಉಂಟು. ಮುಂಬಯಿಯಲ್ಲಿ ಕನ್ನಡ ಕಲಿಸುವ ಕಾಲೇಜು ಎಷ್ಟು ಉಂಟು ಅಂತ ನಿಮಗೂ ಗೊತ್ತುಂಟು.

(ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದು ಗಲ್ಲೆಯ ಕೆಳಗಿನ ಖಾನೆಗೆ ಕೈ ಹಾಕಿ, ರಟ್ಟು ಹೋದ ಒಂದು ಪುಸ್ತಕ ತೆಗೆಯುತ್ತಾರೆ.)

ಮಾವ: ಅದು ನಿಜದ ಮಾತು. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಪ್ರಬಂಧ ಬರೀ, ಡಾಕ್ಟರ್ ಆಗು, ಫಲಕ ನಾನೇ ಮಾಡಿಸ್ತೇನೆ. ಇದು ತಕ್ಕೊ, ‘ಶಿಕಾರಿ’. ಸಾಂಬಾರ್ ಕಲೆ ಇದ್ದಲ್ಲಿ ಒಂದೆರಡು ಅಕ್ಷರ ಹೋಗಿದೆ, ನೀನು ಊಹೆ ಮಾಡು. ಹೈಪೋಥಿಸಿಸ್ ಅಂತ ನಿನಗೆ ಅಭ್ಯಾಸ ಉಂಟಲ್ಲ.

ಸುಧೀರ: (ಪುಟ ತಿರುವುತ್ತಾ) ಮಾವ, ನೀವು ಇಷ್ಟು ಓದಿದ್ದೀರಿ. ನೀವ್ಯಾಕೆ ಒಂದು ಕಾದಂಬರಿ ಬರೀಲಿಲ್ಲ?

ಮಾವ: ಬರೆದಿದ್ದೆ.

ಸುಧೀರ: ಹೌದಾ! ಎಲ್ಲಿ ಉಂಟು?

ಮಾವ: ಮದುವೆಗೆ ಮೊದಲು. ಹಳೆ ಬಿಲ್ ಪುಸ್ತಕದ ಹಿಂಬದಿಯಲ್ಲಿ, ಇನ್ನೂರು ಹಾಳೆ. ಒಂದು ಮಳೆಗಾಲದಲ್ಲಿ ಪಾರ್ಸೆಲ್ ಕಟ್ಟುವ ಕಾಗದ ಮುಗೀತು, ಸದಾನ ಅಪ್ಪ ಅದರಲ್ಲಿಯೇ ಇಡ್ಲಿ ಕಟ್ಟಿ ಕೊಟ್ಟುಬಿಟ್ಟ. ಮೂರು ದಿನದಲ್ಲಿ ಇಡೀ ಕಾದಂಬರಿ ಸಾಂತಾಕ್ರೂಜಿನ ಮನೆಮನೆಗೆ ಹೋಯ್ತು.

ಸುಧೀರ: ಅಯ್ಯೋ! ಮತ್ತೆ?

ಮಾವ: ಈ ಕಡೆ ಆಗ ಕನ್ನಡದವರು ಸುಮಾರು ಮನೆ ಇದ್ರು, ಓದದೆ ಇರ್ಲಿಕ್ಕಿಲ್ಲ. ಮುಂದಿನ ಪುಟ ಉಂಟಾ ಅಂತ ಕೇಳ್ಕೊಂಡು ಒಬ್ಬನೂ ಬರ್ಲಿಲ್ಲ. ಚಟ್ನಿ ಕಡಿಮೆಯಾಯ್ತು ಅಂತ ಇಬ್ಬರು ಬಂದಿದ್ರು.