ಸಾರಿಗೂ ಇಲ್ಲ, ಪೂಜೆಗೂ ಇಲ್ಲ

ನಮ್ಮ ಕಡೆ ಗಿಡವೊಂದು ಮನೆಗೆ ಬರಬೇಕಾದರೆ ಅದಕ್ಕೊಂದು ಕೆಲಸ ಇರಲೇಬೇಕು. ತುಳಸಿಗೆ ಪೂಜೆಯಿದೆ. ಕರಿಬೇವಿಗೆ ಒಗ್ಗರಣೆಯಿದೆ. ದೊಡ್ಡಪತ್ರೆ ತಂಬುಳಿಗೂ ಆಯಿತು, ಮಗುವಿನ ಕೆಮ್ಮಿಗೂ ಆಯಿತು. ಸುಮ್ಮನೆ ಗೋಡೆ ಹತ್ತುವ ಮನಿಪ್ಲಾಂಟ್ ಕೂಡ ದುಡ್ಡು ತರುತ್ತೇನೆಂಬ ಸುಳ್ಳು ಆಶ್ವಾಸನೆ ಕೊಟ್ಟೇ ಒಳಗೆ ಬಂದದ್ದು. ನಮ್ಮ ಬಾಲ್ಕನಿಯಲ್ಲಿ ಮಾತ್ರ ಒಂದು ಗಿಡ ಕೆಲಸವೂ ಇಲ್ಲದೆ, ಆಶ್ವಾಸನೆಯನ್ನೂ ಕೊಡದೆ, ಕುಂಡದ ತುಂಬ ಹಣ್ಣು ಬಿಟ್ಟುಕೊಂಡು ಕೂತಿದೆ. ಅದು ಜೆರುಸಲೇಮ್ ಚೆರ್ರಿ.

ಜೆರುಸಲೇಮಿಗೂ ಅದಕ್ಕೂ ನಂಟಿಲ್ಲ. ಹುಟ್ಟೂರು ದಕ್ಷಿಣ ಅಮೆರಿಕ. ಮೊಣಕಾಲೆತ್ತರದ ಪೊದೆ, ಕಡು ಹಸಿರು ಎಲೆ, ಪುಟ್ಟ ಬಿಳಿ ಹೂವು. ಆಮೇಲೆ ಗೋಲಿ ಗಾತ್ರದ ಕಾಯಿ. ಅದು ಮೊದಲು ಹಸಿರು, ನಂತರ ಹಳದಿ, ಕಿತ್ತಳೆ, ಕೊನೆಗೆ ಕೆಂಪು. ಒಂದೇ ಗಿಡದಲ್ಲಿ ನಾಲ್ಕು ಬಣ್ಣವೂ ಒಟ್ಟಿಗೆ ಇರುವುದುಂಟು. ಹಣ್ಣಾದ ಮೇಲೂ ತಿಂಗಳುಗಟ್ಟಲೆ ಉದುರುವುದಿಲ್ಲ. ಯುರೋಪು, ಅಮೆರಿಕಗಳಲ್ಲಿ ಇದನ್ನು ಕ್ರಿಸ್‌ಮಸ್ ಹೊತ್ತಿಗೆ ಮಾರುತ್ತಾರೆ. ವರ್ಷಾನುಗಟ್ಟಲೆ ಬಾಳಬಲ್ಲ ಈ ಗಿಡವನ್ನು ಹಬ್ಬ ಮುಗಿದೊಡನೆ ಚೌತಿಯ ಗಣೇಶನನ್ನು ಬಿಡುವ ಹಾಗೆ ಬಿಟ್ಟುಬಿಡುವವರೂ ಅಲ್ಲಿದ್ದಾರೆ.

ವಂಶ ನೋಡಿದರೆ ದೊಡ್ಡ ಮನೆತನ. ಸ್ವೀಡನ್ನಿನ ಲಿನೇಯಸ್ 1753ರಲ್ಲೇ ಶಾಸ್ತ್ರೋಕ್ತವಾಗಿ ನಾಮಕರಣ ಮಾಡಿ ಇದನ್ನು ಬದನೆಯ ಕುಲಕ್ಕೆ ಸೇರಿಸಿದ್ದಾನೆ. ಟೊಮೆಟೊ, ಆಲೂಗಡ್ಡೆ, ಮೆಣಸಿನಕಾಯಿಗಳೆಲ್ಲ ದಾಯಾದಿಗಳು. ಆ ಕಡೆ ಮಟ್ಟುಗುಳ್ಳ, ಈ ಕಡೆ ಬ್ಯಾಡಗಿ ಮೆಣಸಿನಕಾಯಿ, ಇಬ್ಬರೂ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದು ಬೀಗುತ್ತಿದ್ದಾರೆ. ಮೆಣಸಿನಕಾಯಿಯಂತೂ ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು ಅದಕ್ಕೇ ಮರೆತುಹೋಗಿದೆ. ಈ ಒಬ್ಬ ದಾಯಾದಿ ಮಾತ್ರ ಯಾವ ಪಾತ್ರೆಗೂ ಇಳಿಯಲಿಲ್ಲ. ಕಾರಣ, ಇದರ ಹಣ್ಣಿನಲ್ಲೂ ಎಲೆಯಲ್ಲೂ ಸೊಲನೊಕ್ಯಾಪ್ಸಿನ್ ಎಂಬ ವಿಷವಿದೆ. ತಿಂದರೆ ಹೊಟ್ಟೆನೋವು, ವಾಂತಿ.

ಇದನ್ನು ಹಾಸನದಿಂದ ಬಂದ ದೊಡ್ಡಮ್ಮನಿಗೆ ಒಪ್ಪಿಸುವುದು ಸುಲಭವಾಗಲಿಲ್ಲ. ಗಿಡವನ್ನು ನೋಡಿದೊಡನೆ, “ಇದು ಗಣಿಕೆ ಹಣ್ಣಿನ ಜಾತಿ ಕಣೋ” ಅಂದರು. ಸಸ್ಯಶಾಸ್ತ್ರದ ಪ್ರಕಾರ ಆ ಮಾತು ನೂರಕ್ಕೆ ನೂರು ನಿಜ. ಅಪಾಯವಿರುವುದೂ ಅಲ್ಲೇ.

“ತಿನ್ಬೋದೇನೋ?”

“ಇಲ್ಲ ದೊಡ್ಡಮ್ಮ, ವಿಷ.”

“ಉಪ್ಪಲ್ಲಿ ಹಾಕಿಟ್ರೆ?”

“ಆಗಲೂ ವಿಷ.”

“ಹೋಗ್ಲಿ, ಹೂವು ದೇವರಿಗೆ ಆಗತ್ತಾ?”

“ಹೂವು ಕಿತ್ರೆ ಹಣ್ಣಾಗಲ್ಲ.”

“ಆ ಹಣ್ಣು ಆಗಿ ಏನಾಗ್ಬೇಕು?”

ಉಪನಿಷತ್ತಿನ ಋಷಿಗಳೂ ಈ ಪ್ರಶ್ನೆಗೆ ಸ್ವಲ್ಪ ಕಾಲಾವಕಾಶ ಕೇಳುತ್ತಿದ್ದರು.

ಏನೂ ಆಗಬೇಕಾಗಿಲ್ಲದ ಆ ಹಣ್ಣು ಆಗುವುದಕ್ಕೆ ಪಡಬೇಕಾದ ಪಾಡು ಬೇರೆ. ಈ ಕುಲದ ಹೂವು ಪರಾಗವನ್ನು ಹೊರಗೆ ಚೆಲ್ಲಿಕೊಂಡು ಕೂರುವುದಿಲ್ಲ. ಕೇಸರದ ತುದಿಯಲ್ಲಿ ಸೂಜಿಮೊನೆಯಷ್ಟು ರಂಧ್ರವಿದೆ. ದುಂಬಿ ಬಂದು ಹೂವನ್ನು ತಬ್ಬಿ ಮೈ ನಡುಗಿಸಿ ಗುಂಯ್‌ಗುಟ್ಟಿದರೆ ಪುಡಿ ಉದುರುತ್ತದೆ. ಜೇನುನೊಣಕ್ಕೆ ಈ ವಿದ್ಯೆ ಬಾರದು. ನಮ್ಮದೋ ಬೆಂಗಳೂರಿನ ಅಪಾರ್ಟ್‌ಮೆಂಟು. ಬಾಲ್ಕನಿಗೆ ಪಾರಿವಾಳದ ಬಲೆ, ಅದರ ಒಳಗೆ ಸೊಳ್ಳೆ ಪರದೆ. ಎರಡನ್ನೂ ದಾಟಿ ಬರುವ ದುಂಬಿ ಇನ್ನೂ ಹುಟ್ಟಿಲ್ಲ. ಹಾಗಾಗಿ ಆ ಕೆಲಸ ಮನೆಯ ಯಜಮಾನನ ಪಾಲಿಗೆ ಬಂದಿದೆ. ಹೂವಿನ ತೊಟ್ಟನ್ನು ಬೆರಳಿನಿಂದ ಮೆಲ್ಲಗೆ ತಟ್ಟಿದರೂ ನಡೆಯುತ್ತದೆ. ಬ್ಯಾಟರಿ ಟೂತ್‌ಬ್ರಷ್ಷನ್ನು ತಾಗಿಸಿದರೆ ಇನ್ನೂ ಚೆನ್ನ. ಮನೆಯೊಳಗೆ ಟೊಮೆಟೊ ಬೆಳೆಯುವವರೂ ಹೀಗೆ ಮಾಡುವುದುಂಟು. ಎದುರು ಬ್ಲಾಕಿನವರು ಒಂದು ಬೆಳಿಗ್ಗೆ, “ಏನ್ ಸಾರ್, ಗಿಡಕ್ಕೆ ಹಲ್ಲುಜ್ಜಿಸ್ತಾ ಇದ್ದೀರಾ?” ಎಂದು ವಿಚಾರಿಸಿದರು. ಹೆಂಡತಿ ಆ ಬ್ರಷ್ಷಿನ ಮೇಲೆ ‘ಗಿಡದ್ದು’ ಎಂದು ಬರೆದು ಬಚ್ಚಲಿನಿಂದ ಗಡೀಪಾರು ಮಾಡಿದ್ದಾಳೆ. ನಮ್ಮ ಕವಿಗಳು ದುಂಬಿಯನ್ನು ರಸಿಕನೆಂದು ಹಾಡಿಯೇ ಹಾಡಿದರು. ಅದು ಎಂಥ ಬೆನ್ನುನೋವಿನ ನೌಕರಿ ಎಂಬುದನ್ನು ಬರೆದವರು ನನ್ನ ಕಣ್ಣಿಗೆ ಬಿದ್ದಿಲ್ಲ.

ಹವೆಯ ವಿಷಯದಲ್ಲೂ ಗಿಡದ್ದು ದೊಡ್ಡ ಮನುಷ್ಯರ ನಾಜೂಕು. 10ರಿಂದ 18 ಡಿಗ್ರಿಯ ತಂಪಿದ್ದರೆ ಹಣ್ಣು ಹೆಚ್ಚು ದಿನ ನಿಲ್ಲುತ್ತದೆ. ಡಿಸೆಂಬರ್, ಜನವರಿಯಲ್ಲಿ ಖುಷಿಯಾಗಿರುತ್ತದೆ. ಏಪ್ರಿಲ್ ಬಂದರೆ ಎಲೆ ಉದುರಿಸಿ ಮುಷ್ಕರ ಹೂಡುತ್ತದೆ. ಬೆಂಗಳೂರು ಮೊದಲಿನ ಹಾಗಿಲ್ಲ ಎಂಬ ಮಾತಿನಲ್ಲಿ ಅದಕ್ಕೂ ನಮ್ಮ ಕಟ್ಟಡದ ನಿವೃತ್ತರಿಗೂ ಪೂರ್ಣ ಒಮ್ಮತವಿದೆ. ಬೆಳಗಿನ ಬಿಸಿಲು ಬೇಕು, ಮಧ್ಯಾಹ್ನದ್ದು ಬೇಡ. ಮಣ್ಣು ಪೂರ್ತಿ ಒಣಗಕೂಡದು, ಕುಂಡದ ತಟ್ಟೆಯಲ್ಲಿ ನೀರೂ ನಿಲ್ಲಕೂಡದು. ಗಾಳಿ ಒಣಗಿದರೆ ಕೆಂಪು ಜೇಡನುಸಿ ಹಾಜರು. ಬಿಳಿ ನೊಣಕ್ಕೆ ನೆಪವೇ ಬೇಕಿಲ್ಲ. ಎರಡಕ್ಕೂ ಸೋಪಿನ ನೀರಿನಲ್ಲಿ ಕದಡಿದ ಬೇವಿನೆಣ್ಣೆ ಎಲೆಯ ಅಡಿಗೆ ಬೀಳುವಂತೆ ಸಿಂಪಡಿಸಬೇಕು. ಹಣ್ಣಿನ ಕಾಲ ಮುಗಿದ ಮೇಲೆ ಗಿಡವನ್ನು ಅರ್ಧಕ್ಕೆ ಸವರಿ ಹೊಸ ಮಣ್ಣು ಕೊಟ್ಟರೆ ಮತ್ತೆ ಚಿಗುರುತ್ತದೆ.

ಇಷ್ಟೆಲ್ಲ ಉಪಚಾರ ಮಾಡಿಸಿಕೊಳ್ಳುವ ಇದೇ ಗಿಡ ನೀಲಗಿರಿಯ ತಂಪಿನಲ್ಲಿ ಯಾರ ಬ್ರಷ್ಷೂ ಬೇಡದೆ ತಾನಾಗಿ ಬೆಳೆದು ನಿಂತಿದೆ. ಹಕ್ಕಿಗಳು ಬೀಜ ಹರಡುತ್ತವೆ. ಅಲ್ಲಿ ಅದು ಕಳೆ, ನಮ್ಮಲ್ಲಿ ಬೆಳೆ.

ಬರುವ ಹೋಗುವ ಮಕ್ಕಳ ಕೈಗೆ ಸಿಗದಿರಲೆಂದು ಕುಂಡವನ್ನು ಎತ್ತರದಲ್ಲಿಟ್ಟು, ‘ವಿಷ, ತಿನ್ನಬೇಡಿ’ ಎಂಬ ಚೀಟಿ ಅಂಟಿಸಿದ್ದೇವೆ. ಅದನ್ನು ಓದಿದ ನೆಂಟರು ನಾವು ಕೊಟ್ಟ ಕಾಫಿಯನ್ನೂ ಒಮ್ಮೆ ಮೂಸಿ ಕುಡಿಯುತ್ತಾರೆ.

ಕೊನೆಗೆ ಊರಿಗೆ ಹೊರಟ ದೊಡ್ಡಮ್ಮನೇ ಒಂದು ತೀರ್ಪು ಕೊಟ್ಟರು: “ಇರ್ಲಿ ಬಿಡು. ಬಂದೋರ ಕಣ್ಣೆಲ್ಲ ಇದರ ಮೇಲೇ ಬೀಳತ್ತೆ. ಬಾಗಿಲಿಗೆ ಬೂದುಗುಂಬಳ ಕಟ್ಟೋ ಖರ್ಚು ಉಳೀತು.” ಅಂತೂ ಗಿಡಕ್ಕೆ ಉದ್ಯೋಗ ಸಿಕ್ಕಿತು. ಮನೆಯವರೆಲ್ಲ ನಿಟ್ಟುಸಿರು ಬಿಟ್ಟರು. ನನಗೆ ಮಾತ್ರ ಇದು ಸರಿಕಾಣಲಿಲ್ಲ. ಮಗುವನ್ನು ಅಂಕ ಕೇಳುತ್ತೇವೆ, ವಾಕಿಂಗ್ ಹೋದ ಕಾಲನ್ನು ಹೆಜ್ಜೆಯ ಲೆಕ್ಕ ಕೇಳುತ್ತೇವೆ, ಓದಿದ ಪುಸ್ತಕವನ್ನು ನೀತಿ ಏನೆಂದು ಕೇಳುತ್ತೇವೆ. ಮನೆಯಲ್ಲಿ ಒಂದಾದರೂ ಜೀವ ಸುಮ್ಮನೆ ಚೆನ್ನಾಗಿರಲಿ, ಅಷ್ಟೇ.

ನಿಮಗೂ ಈ ಗಿಡ ಬೇಕೆನಿಸಿದರೆ ಬೀಜ ಕೊಡಲು ನಾನು ಸಿದ್ಧ. ಹಣ್ಣಿಗೊಂದು ಹಿಡಿ ಸಿಗುತ್ತದೆ, ಸುಲಭವಾಗಿ ಮೊಳೆಯುತ್ತದೆ. ಆದರೆ ಮನೆಯಲ್ಲಿ ಅಂಬೆಗಾಲಿಡುವ ಮಗು, ನಾಯಿ, ಬೆಕ್ಕು, ಗಿಳಿ ಇದ್ದರೆ ದಯವಿಟ್ಟು ಕೇಳಬೇಡಿ. ಇಲ್ಲದಿದ್ದರೂ ಕುಂಡವನ್ನು ಅಡುಗೆಮನೆಯ ಕಿಟಕಿಯಲ್ಲಿಡಬೇಡಿ. ಎಲ್ಲರ ಮನೆಗೂ ಒಬ್ಬ ದೊಡ್ಡಮ್ಮ ಬರುತ್ತಾರೆ.