ಲ್ಯಾಂಬೆತ್ ಸೇತುವೆಯ ಒಗಟಿನಲ್ಲಿ ಅಂಬಿಗರ ಚೌಡಯ್ಯನವರೂ ಇರಲಿ

ಲಂಡನ್ನಿನಲ್ಲಿ ಜಿಯೋಕ್ಯಾಶಿಂಗ್ ಆಡುವ ಕನ್ನಡದ ಗೆಳೆಯರೇ,

2000ನೇ ಇಸವಿಯ ಮೇ ತಿಂಗಳಲ್ಲಿ, ಸಾರ್ವಜನಿಕರ ಜಿಪಿಎಸ್‌ಗೆ ಬೇಕೆಂದೇ ಬೆರೆಸುತ್ತಿದ್ದ ದೋಷವನ್ನು ಅಮೆರಿಕ ಸರ್ಕಾರ ತೆಗೆದುಹಾಕಿದ ಬೆನ್ನಲ್ಲೇ ಆರೆಗನ್ ರಾಜ್ಯದಲ್ಲಿ ಒಬ್ಬರು ಒಂದು ಬಕೆಟ್ ಬಚ್ಚಿಟ್ಟರು. ಬಚ್ಚಿಟ್ಟ ಡಬ್ಬಿಯನ್ನು ಜಿಪಿಎಸ್ ನಿರ್ದೇಶಾಂಕ ಹಿಡಿದು ಹುಡುಕುವ ನಿಮ್ಮ ಆಟ ಹುಟ್ಟಿದ್ದು ಹಾಗೆ. ಥೇಮ್ಸ್ ನದಿಯ ಲ್ಯಾಂಬೆತ್ ಸೇತುವೆಗೆ ನೀವು ಒಗಟು ಕಟ್ಟುವುದಾದರೆ ನನ್ನದೊಂದು ಕೋರಿಕೆಯಿದೆ.

ಸುಲಭದ ಪ್ರಶ್ನೆಗಳಿಗೆ ಅಲ್ಲಿ ಬರವಿಲ್ಲ. ಸೇತುವೆಗೆ ಕೆಂಪು ಬಣ್ಣ ಏಕೆ? ಪಾರ್ಲಿಮೆಂಟಿನ ಲಾರ್ಡ್ಸ್ ಸಭೆಯ ಆಸನಗಳು ಕೆಂಪು. ಕಾಮನ್ಸ್ ಸಭೆಯ ಹಸಿರು ಪಕ್ಕದ ವೆಸ್ಟ್‌ಮಿನ್‌ಸ್ಟರ್ ಸೇತುವೆಗೆ ಸಂದಿದೆ. ಕಲ್ಲುಗಂಬಗಳ ನೆತ್ತಿಯಲ್ಲಿ ಕೆತ್ತಿರುವುದು ಅನಾನಸೋ ಪೈನ್ ಮರದ ಕಾಯಿಯೋ ಎಂದು ಮಾತ್ರ ಕೇಳಬೇಡಿ. ಜನ ಅದರ ಬಗ್ಗೆ ಇನ್ನೂ ವಾದ ಮಾಡುತ್ತಾರೆ. ಎರಡು ಉತ್ತರವಿರುವ ಪ್ರಶ್ನೆ ಹುಡುಕುವವರಿಗೆ ಅನ್ಯಾಯ.

ಕೇಳಲೇಬೇಕಾದ ಪ್ರಶ್ನೆ ಸೇತುವೆಗಿಂತ ಹಳೆಯದು. ಅಲ್ಲಿ ಹಿಂದೆ ಇದ್ದದ್ದು ಕುದುರೆ, ಗಾಡಿಗಳನ್ನು ದಾಟಿಸುವ ಕಡವು. ಆಚೆ ದಡದ ಹಾರ್ಸ್‌ಫೆರಿ ರಸ್ತೆಯ ಹೆಸರಿನಲ್ಲಿ ಅದು ಇಂದಿಗೂ ಉಳಿದಿದೆ. ಕಡವಿನ ಹುಟ್ಟುವಳಿ ಸೇರುತ್ತಿದ್ದುದು ಈಚೆ ದಡದ ಅರಮನೆಯಲ್ಲಿದ್ದ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ಪರಿಗೆ. 1750ರಲ್ಲಿ ವೆಸ್ಟ್‌ಮಿನ್‌ಸ್ಟರ್ ಸೇತುವೆ ಬಂದು ಕಡವು ಸೊರಗಿದಾಗ ಅವರಿಗೆ ಪರಿಹಾರವೂ ಸಿಕ್ಕಿತು.

ಆ ಕಡವಿನ ಹತ್ತಿರದಲ್ಲೇ, ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ, 2015ರ ನವೆಂಬರ್ 14ರಂದು ಬಸವಣ್ಣನವರ ಪ್ರತಿಮೆ ಅನಾವರಣಗೊಂಡಿತು. 12ನೇ ಶತಮಾನದ ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರ ಜೊತೆ ಸರಿಸಮಾನರಾಗಿ ನಿಂತ ಶರಣರಲ್ಲಿ ದೋಣಿ ನಡೆಸುವ ಚೌಡಯ್ಯನವರೂ ಒಬ್ಬರು. ಹುಟ್ಟು ಹಾಕುವ ಕೈಯವರು ವಚನಕಾರರಾದರು, ಯಾರ ಮುಲಾಜಿಗೂ ಬೀಳದೆ ನುಡಿದರು. ತುಂಗಭದ್ರೆಯ ದಡದ ಒಂದು ಊರು ಇಂದಿಗೂ ಅವರ ಹೆಸರಿನಲ್ಲಿದೆ: ಚೌಡಯ್ಯದಾನಪುರ. ಬಸವಣ್ಣನವರ ಪ್ರತಿಮೆಗೆ ಇದಕ್ಕಿಂತ ಒಪ್ಪುವ ಜಾಗ ಲಂಡನ್ನಿನಲ್ಲಿ ಇನ್ನೊಂದಿಲ್ಲ ಎಂದು ನಾನು ನಂಬಿದ್ದೇನೆ. ಅದಕ್ಕೆ ಪಾರ್ಲಿಮೆಂಟು ಎದುರಿಗಿರುವುದೊಂದೇ ಕಾರಣವಲ್ಲ, ಕಾಲಡಿಯಲ್ಲಿ ಅಂಬಿಗರ ನೆಲವಿದೆ.

ಒಗಟು ಕಟ್ಟಲು ಇಷ್ಟು ಸಾಕಲ್ಲವೇ? ಸೇತುವೆ ತೆರೆದದ್ದು 1932ರಲ್ಲಿ, ಪ್ರತಿಮೆ ಬಂದದ್ದು 2015ರಲ್ಲಿ, ಕಳೆದರೆ 83. ‘ಚೌಡಯ್ಯ’ದ ಅಕ್ಷರ ಮೂರು. ಇವನ್ನೇ ಕೂಡಿ ಕಳೆದು ನಿರ್ದೇಶಾಂಕದ ಕೊನೆಯ ಅಂಕಿಗಳನ್ನು ಮಾಡಿಕೊಳ್ಳಿ. ಅಕ್ಷಾಂಶದ ಮಿನಿಟಿನಲ್ಲಿ ಮೂರನೇ ದಶಮಾಂಶ ಒಂದು ತಪ್ಪಿದರೆ ಎರಡು ಮೀಟರಿನಷ್ಟೂ ವ್ಯತ್ಯಾಸವಾಗದು. ಮೊದಲನೆಯದು ತಪ್ಪಿದರೆ 185 ಮೀಟರ್ ಆಚೆ ಹೋಗಿ ನಿಲ್ಲುತ್ತಾರೆ. ಅದಕ್ಕೇ ಚೌಡಯ್ಯನವರ ಪ್ರಶ್ನೆಯನ್ನು ಆ ಮೊದಲ ಅಂಕಿಗೆ ಇಡಿ. ಅವರು ಯಾರೆಂದು ತಿಳಿಯದೆ ಯಾರೂ ಡಬ್ಬಿ ಮುಟ್ಟಬಾರದು.

ಡಬ್ಬಿಯನ್ನು ಸೇತುವೆಗಾಗಲಿ ಪ್ರತಿಮೆಯ ಪೀಠಕ್ಕಾಗಲಿ ಅಂಟಿಸಬೇಡಿ. 2011ರಲ್ಲಿ ಇಂಗ್ಲೆಂಡಿನ ವೆದರ್‌ಬಿ ಊರಿನಲ್ಲಿ ಹೀಗೇ ಬಚ್ಚಿಟ್ಟ ಡಬ್ಬಿಯನ್ನು ಬಾಂಬೆಂದು ಶಂಕಿಸಿ ಸ್ಫೋಟಿಸಬೇಕಾಯಿತು. ಪಾರ್ಲಿಮೆಂಟಿನ ಎದುರಿಗೆ ಅಂಥ ಗಾಬರಿ ಬೇಡ. ದೂರದಲ್ಲಿ, ಜಾಗದವರ ಒಪ್ಪಿಗೆ ಪಡೆದೇ ಇಡಿ.

ಚೌಡಯ್ಯನವರ ಒಂದು ವಚನವನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಸುಳಿವಾಗಿ ಕೊಡಿ. ಕನ್ನಡ ಬಾರದ ಆಟಗಾರರೂ ಅದನ್ನು ಓದಲಿ.

ಇಂತಿ ನಿಮ್ಮ,
ವಚನಗಳ ಓದುಗ