ಹೆಬ್ಬೆಯ ಹೆಬ್ಬುಲಿ

“ಬರ್ಕೊಳ್ಳಿ ಮೇಷ್ಟ್ರೇ, ನನ್ನ ಜೀವನದ ಮೊದಲನೇ ತಿರುವು...” ಎಂದು ಸಾಹುಕಾರರು ಬಾಯಿ ತೆರೆಯುವುದಕ್ಕೂ ಜೀಪು ನಿಜವಾದ ತಿರುವಿನಲ್ಲಿ ವಾಲುವುದಕ್ಕೂ ಸರಿಹೋಯಿತು. ನನ್ನ ಪೆನ್ನು ನೋಟ್‌ಬುಕ್ಕು ಬಿಟ್ಟು ಪಂಚೆಯ ಮೇಲೆ ಮೊಣಕಾಲಿನವರೆಗೆ ಒಂದು ಗೆರೆ ಎಳೆದು ಮತ್ತೆ ಪುಟಕ್ಕೆ ಬಂತು. ಕೆಮ್ಮಣ್ಣುಗುಂಡಿಯಿಂದ ಹೆಬ್ಬೆಗೆ ಇಳಿಯುವ ದಾರಿ ಕಂಡವರಿಗೆ ಹೆಚ್ಚು ಹೇಳಬೇಕಿಲ್ಲ. ಅದು ರಸ್ತೆಯಲ್ಲ, ಇಲ್ಲಿ ರಸ್ತೆ ಆಗಕೂಡದೆಂದು ಕಲ್ಲುಗಳೆಲ್ಲ ಸೇರಿ ಹಾಕಿದ ತಕರಾರು ಅರ್ಜಿ. ಅದರ ಮೇಲೆ ಕೂತು ಬರೆದ ಮೂರು ಪುಟವನ್ನು ತರೀಕೆರೆಗೆ ಬಂದು ಬಿಡಿಸಿ ನೋಡಿದರೆ, ಹೃದಯದ ಡಾಕ್ಟರಿಗೆ ತೋರಿಸಬೇಕಾದ ಇಸಿಜಿ ಚೀಟಿಯಂತಿತ್ತು. ಅಷ್ಟರಲ್ಲೂ ಓದಲು ಸಿಕ್ಕ ಪದ ಎರಡು: ‘ನಾನೇ’, ‘ಒಬ್ಬನೇ’.

ಇಂಥ ಸಾಹುಕಾರರು ಈಗ ತಾಲ್ಲೂಕಿಗೆ ನಾಲ್ಕು ಜನ ಸಿಗುತ್ತಾರೆ. ಹಿಂದೆ ಕೈಯಲ್ಲಿ ನಾಲ್ಕು ಕಾಸು ಆಡಿದವರು ದೇವಸ್ಥಾನಕ್ಕೆ ಫ್ಯಾನು ಕೊಟ್ಟು ರೆಕ್ಕೆಯ ಮೇಲೆ ಹೆಸರು ಬರೆಸುತ್ತಿದ್ದರು. ಅದರಲ್ಲೊಂದು ತೊಡಕಿತ್ತು. ಫ್ಯಾನು ತಿರುಗುವಾಗ ಹೆಸರು ಕಾಣುವುದಿಲ್ಲ, ನಿಂತಾಗ ಕಂಡರೆ ಜನ ಬೈಯುತ್ತಾರೆ. ಆಮೇಲೆ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚು ಬಂತು. ಹೆಸರಿನ ಮೇಲೇ ಜನ ಬೆನ್ನೊರಗಿಸಿ ಕೂತರು. ಈಗ ಪುಸ್ತಕದ ಕಾಲ.

ನಮ್ಮ ಸಾಹುಕಾರರಿಗೆ ತರೀಕೆರೆಯಲ್ಲಿ ಅಡಿಕೆ ಮಂಡಿ, ಕಡೂರಿನಲ್ಲಿ ಕೊಬ್ಬರಿ ವ್ಯಾಪಾರ, ಅಜ್ಜಂಪುರದಲ್ಲಿ ಈರುಳ್ಳಿ ಗೋದಾಮು, ಹೆಬ್ಬೆ ದಿಕ್ಕಿಗೆ ಒಂದು ಹೋಂಸ್ಟೇ, ನಾಲ್ಕು ಜೀಪು. ಅಜ್ಜಂಪುರ ತರೀಕೆರೆಯಿಂದ ಬೇರೆಯಾಗಿ ತಾಲ್ಲೂಕಾದದ್ದೇ ತಡ, ಅವರ ವಿಸಿಟಿಂಗ್ ಕಾರ್ಡಿನಲ್ಲಿದ್ದ ‘ಎರಡು ತಾಲ್ಲೂಕುಗಳ ಉದ್ಯಮಿ’ ಎಂಬುದು ‘ಮೂರು ತಾಲ್ಲೂಕುಗಳ ಉದ್ಯಮಿ’ ಆಯಿತು. ಹೊಸದಾಗಿ ಒಂದು ಬೀಗದ ಕೈಯನ್ನೂ ಮಾಡಿಸದೆ ವ್ಯವಹಾರ ವಿಸ್ತರಿಸಿದವರು ರಾಜ್ಯದಲ್ಲಿ ಅವರೊಬ್ಬರೇ ಇರಬೇಕು.

ಪುಸ್ತಕದ ಹುಳ ಹೊಕ್ಕದ್ದು ಸಿನಿಮಾದಿಂದ. 2020ರಲ್ಲಿ ಬಂದ ಸೂರ್ಯ ನಟಿಸಿದ ತಮಿಳಿನ ‘ಸೂರರೈ ಪೋಟ್ರು’ ನೋಡಿ, ಅದರ ಮೂಲ ನಮ್ಮ ಗೊರೂರಿನಲ್ಲಿ ಬೆಳೆದ ಕ್ಯಾಪ್ಟನ್ ಗೋಪಿನಾಥರ ಆತ್ಮಕಥೆ ‘ಸಿಂಪ್ಲಿ ಫ್ಲೈ’ ಎಂದು ಮಗನಿಂದ ತಿಳಿದ ರಾತ್ರಿ ಅವರು ಮಲಗಲಿಲ್ಲ. ಎರಡು ವರ್ಷ ಬಿಟ್ಟು ವಿಜಯ ಸಂಕೇಶ್ವರರ ಮೇಲೆ ‘ವಿಜಯಾನಂದ’ ಬಂತು. ವಿಮಾನ ಆಯಿತು, ಲಾರಿ ಆಯಿತು, ಇನ್ನು ಜೀಪೇ ಬಾಕಿ ಎಂದು ಅವರಿಗೆ ಖಾತ್ರಿಯಾಯಿತು. ಬೆಳಗಿನ ಜಾವ ಐದಕ್ಕೆ ನನಗೆ ಫೋನು.

“ಘೋಸ್ಟ್ ರೈಟರ್ ಅಂತ ಇರ್ತಾರಂತಲ್ಲ ಮೇಷ್ಟ್ರೇ, ನೀವು ಆಗ್ತೀರಾ?”

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಹೇಳಿ, ನಿವೃತ್ತಿಯ ನಂತರ ಪ್ರೆಸ್ಸಿನವರಿಗೆ ಕರಡು ತಿದ್ದಿಕೊಟ್ಟುಕೊಂಡಿದ್ದವನು ನಾನು. ಒಪ್ಪಿದೆ. ನನ್ನ ಹೆಂಡತಿಗೆ ಮಾತ್ರ ಪದದ ಅರ್ಥ ಹೇಳಿದ್ದು ತಪ್ಪಾಯಿತು. “ಬದುಕಿರುವಾಗಲೇ ದೆವ್ವ ಆಗೋ ಕರ್ಮ ಏನು ಬಂತು ನಿಮಗೆ?” ಎಂದಳು. ಮಲೆನಾಡಿನಲ್ಲಿ ದೆವ್ವವಾಗುವುದು ಅಷ್ಟೇನೂ ನಷ್ಟದ ಬಾಬತ್ತಲ್ಲ ಎಂದು ಅವಳಿಗೆ ಆಮೇಲೆ ಗೊತ್ತಾಯಿತು. ಸಾಹುಕಾರರ ತೋಟದ ಮೂಲೆಯ ಚೌಡಿಗೆ ವರ್ಷಕ್ಕೊಂದು ಕೋಳಿ. ನನಗೆ ಭಾನುವಾರಕ್ಕೊಂದು, ಕಡುಬಿನ ಜೊತೆ.

ಸಂಭಾವನೆಯ ಮಾತು ಮಂಡಿಯಲ್ಲೇ ನಡೆಯಿತು. ಫಾರಂಗೆ ಇಷ್ಟು ಎಂದೆ. ಫಾರಂ ಎಂದರೆ ಹದಿನಾರು ಪುಟ ಎಂದು ತಿಳಿದ ಮೇಲೆ ಅವರು ಕ್ಯಾಲ್ಕ್ಯುಲೇಟರ್ ಪಕ್ಕಕ್ಕಿಟ್ಟು ನನ್ನನ್ನೇ ನೋಡಿದರು.

“ಖಾಲಿ ಪುಟ ಇರುತ್ತೆ, ಫೋಟೋ ಪುಟ ಇರುತ್ತೆ. ಅದಕ್ಕೂ ಕೊಡಬೇಕಾ?”

“ಲೆಕ್ಕ ಫಾರಮ್ಮಿನ ಮೇಲೆ ಸಾಹುಕಾರ್ರೇ.”

“ನಾವಿಲ್ಲಿ ಅಡಿಕೆ ತೂಗುವಾಗ ಚೀಲದ ತೂಕ ಕಳೀತೀವಿ ಮೇಷ್ಟ್ರೇ. ಫೋಟೋ ಪುಟ ಕಳೀರಿ.”

ಕಳೆದೆ. ಅಲ್ಲಿಗೆ ಮುಗಿಯಲಿಲ್ಲ. ನಾನು ಬರೆದುಕೊಂಡು ಹೋದ ಪ್ರತಿ ಅಧ್ಯಾಯವನ್ನೂ ಅವರು ಓದುತ್ತಿರಲಿಲ್ಲ, ಕೈಯಲ್ಲಿ ಹಿಡಿದು ಆಡಿಸಿ ದರ್ಜೆ ಹಾಕುತ್ತಿದ್ದರು. ಬಾಲ್ಯದ ಅಧ್ಯಾಯ ‘ರಾಶಿ’. ಜೀಪು ಕೊಂಡ ಅಧ್ಯಾಯ ‘ಬೆಟ್ಟೆ’. ಸನ್ಮಾನಗಳ ಅಧ್ಯಾಯವೊಂದೇ ‘ಸರಕು’. ನಾನು ನಾಲ್ಕು ದಿನ ಕೂತು ಕೆತ್ತಿದ್ದ ಮಳೆಗಾಲದ ವರ್ಣನೆಯನ್ನು ಮಾತ್ರ ಎರಡು ಬೆರಳಿನಲ್ಲಿ ಎತ್ತಿ ಬದಿಗಿಟ್ಟರು: “ಇದು ಗೊರಬಲು.” ಅಡಿಕೆಯಲ್ಲಿ ಅದಕ್ಕಿಂತ ಕೆಳಗಿನ ದರ್ಜೆ ಕಸದಬುಟ್ಟಿಯೊಂದೇ.

ಇತಿಹಾಸದ ಭಾಗ ಬಂದಾಗ ನಮ್ಮಿಬ್ಬರ ಜಗಳ ಬಿಸಿಯಾಯಿತು. ಕೆಮ್ಮಣ್ಣುಗುಂಡಿಯ ಕಬ್ಬಿಣದ ಅದಿರು ರೋಪ್‌ವೇ ತೊಟ್ಟಿಲುಗಳಲ್ಲಿ ಬೆಟ್ಟ ಇಳಿದು ಭದ್ರಾವತಿಯ ಕಾರ್ಖಾನೆಗೆ ಹೋಗುತ್ತಿದ್ದ ಕಾಲ ನಮ್ಮ ಕಡೆಯ ಹಿರಿಯರ ಬಾಯಲ್ಲಿ ಇನ್ನೂ ಇದೆ. “ನಮ್ಮಜ್ಜ ಆ ಗಣಿ ಉದ್ಯಮದಲ್ಲಿದ್ದೋರು, ಬರ್ಕೊಳ್ಳಿ” ಎಂದರು. ಏನು ಕೆಲಸ ಎಂದು ಕೇಳಿದೆ. ಮೇಲ್ವಿಚಾರಣೆ ಎಂದರು. ಯಾವುದರ ಮೇಲ್ವಿಚಾರಣೆ ಎಂದೆ. ಸ್ವಲ್ಪ ಹೊತ್ತು ಮೇಲೆ ನೋಡಿ, “ಕೂಲಿಯವರಿಗೆ ಎಲೆ, ಅಡಿಕೆ, ಬೀಡಿ ಮಾರ್ತಿದ್ರು” ಎಂದರು. ನಾನು ಹಾಗೇ ಬರೆಯೋಣವೆಂದೆ. ಅಡಿಕೆಯ ನಂಟು ಅಜ್ಜನಿಂದಲೇ ಬಂತಲ್ಲ, ಕಥೆಗೆ ಕಳೆ ಬರುತ್ತದೆ. ಅವರು ಕೇಳಲಿಲ್ಲ. ಒಂದು ವಾರದ ಮಾತುಕತೆಯ ನಂತರ ಪುಸ್ತಕದಲ್ಲಿ ಹೀಗೆ ನಿಂತಿತು: ‘ನನ್ನ ತಾತನವರು ಗಣಿ ಉದ್ಯಮಕ್ಕೆ ಪೂರಕ ಸೇವೆಗಳನ್ನು ಒದಗಿಸುತ್ತಿದ್ದರು.’ ವಾಕ್ಯ ಸುಳ್ಳಲ್ಲ. ಬೀಡಿಯ ವಾಸನೆ ಮಾತ್ರ ಹೋಗಿದೆ.

ಅಂಕಿಸಂಖ್ಯೆಯಲ್ಲೂ ಅದೇ ಔದಾರ್ಯ. ದೊಡ್ಡ ಹೆಬ್ಬೆ, ಚಿಕ್ಕ ಹೆಬ್ಬೆ ಎಂದು ಎರಡು ಹಂತದಲ್ಲಿ ಬೀಳುವ ನೀರಿನ ಎತ್ತರ 168 ಮೀಟರ್, ಅಂದರೆ 551 ಅಡಿ ಎಂದು ನಾನು ಬರೆದಿದ್ದೆ. ಅವರು ಅದನ್ನು ಹೊಡೆದು ‘ಸುಮಾರು ಸಾವಿರ ಅಡಿ’ ಮಾಡಿದ್ದರು.

“ಅಲ್ಲ ಸಾಹುಕಾರ್ರೇ, ಎಲ್ಲ ಕಡೆ 551 ಅಂತಿದೆ.”

“ನಮ್ಮ ಪುಸ್ತಕದಲ್ಲಿ ಒಂದು ನಾನೂರೈವತ್ತು ಅಡಿ ಜಾಸ್ತಿ ಬಿದ್ದರೆ ನೀರಿಗೇನು ನೋವಾಗುತ್ತಾ ಮಾರಾಯ್ರೇ?”

ಗೋಪಿನಾಥರ ಪುಸ್ತಕದಲ್ಲಿ ರೇಷ್ಮೆ ಬೆಳೆದದ್ದು, ಹಾಸನದಲ್ಲಿ ಹೋಟೆಲು ನಡೆಸಿದ್ದು, ಎಡವಿದ್ದು, ಎದ್ದದ್ದು ಎಲ್ಲ ಇದೆಯಲ್ಲ ಎಂದು ನಾನು ನೆನಪಿಸಿದಾಗ ಅವರು ಗಂಭೀರವಾಗಿ ಯೋಚಿಸಿದರು. ಒಂದು ರೂಪಾಯಿಗೆ ವಿಮಾನದ ಟಿಕೆಟ್ ಕೊಟ್ಟ ಭಾಗವನ್ನು ಮೊದಲೇ ತಳ್ಳಿಹಾಕಿದ್ದರು. ಆ ರೇಟಿಗೆ ಜೀಪು ಬಿಟ್ಟರೆ ಕ್ಲಚ್ ಪ್ಲೇಟಿಗೂ ಹುಟ್ಟುವುದಿಲ್ಲ. ಆದರೆ ಸೋಲಿನ ವಿಚಾರ ಮನಸ್ಸಿಗೆ ಹಿಡಿಸಿತು. “ಆಯ್ತು, ನಮ್ಮದ್ರಲ್ಲೂ ಒಂದೆರಡು ಸೋಲು ಹಾಕಿ ಮೇಷ್ಟ್ರೇ. ಚಿಕ್ಕ ಸೈಜಿನವು. ಬ್ಯಾಂಕಿನದ್ದು ಬೇಡ, ಅದಿನ್ನೂ ನಡೀತಿದೆ.”

ಬರಿದೇ ನಗುವ ಹಾಗೂ ಇಲ್ಲ. ಒಂದು ದಿನ ಜಲಪಾತದ ಹತ್ತಿರ ಜೀಪು ನಿಲ್ಲಿಸಿ, ಹಳ್ಳ ದಾಟಿ ಕಾಡಿನಲ್ಲಿ ನಡೆದು ಹೋಗಿದ್ದೆವು. ನನ್ನ ಹಿಮ್ಮಡಿಗೆ ಎರಡು ಇಂಬಳ ಹತ್ತಿದ್ದವು. ಸಾಹುಕಾರರು ಬಂಡೆಯ ಮೇಲೆ ನನ್ನನ್ನು ಕೂರಿಸಿ, ಎಲೆಯಡಿಕೆ ಚೀಲದಿಂದ ಹೊಗೆಸೊಪ್ಪು, ಸುಣ್ಣ ತೆಗೆದು ಅಂಗೈಯಲ್ಲಿ ತಿಕ್ಕಿ ಇಂಬಳಕ್ಕೆ ಹಚ್ಚುತ್ತಾ, ತಲೆ ತಗ್ಗಿಸಿಕೊಂಡೇ ಹೇಳತೊಡಗಿದರು. ಇಪ್ಪತ್ತೆರಡರ ವಯಸ್ಸಿನಲ್ಲಿ ಅಜ್ಜಂಪುರದಿಂದ ಒಂದು ಲಾರಿ ಈರುಳ್ಳಿ ಹಾಕಿಕೊಂಡು ಯಶವಂತಪುರದ ಮಾರ್ಕೆಟ್ಟಿಗೆ ಹೋದದ್ದು. ದಾರಿಯುದ್ದ ಮಳೆ, ಟಾರ್ಪಾಲು ಹರಿದದ್ದು. ಅಲ್ಲಿ ದರ ಬಿದ್ದು ಲಾರಿ ಬಾಡಿಗೆಯೂ ಹುಟ್ಟದೆ, ಡ್ರೈವರಿಗೆ ಕೈಗಡಿಯಾರ ಬಿಚ್ಚಿಕೊಟ್ಟು, ಬೀರೂರು ಸ್ಟೇಷನ್ನಿನವರೆಗೆ ಟಿಕೆಟ್ಟಿಲ್ಲದೆ ರೈಲಿನಲ್ಲಿ ಬಂದದ್ದು. “ಮೈಯೆಲ್ಲ ಕೊಳೆತ ಈರುಳ್ಳಿ ವಾಸನೆ ಮೇಷ್ಟ್ರೇ. ಟಿ.ಸಿ. ಹತ್ತಿರ ಬಂದೋನು ಮೂಗು ಮುಚ್ಕೊಂಡು ಮುಂದೆ ಹೋದ. ಅದೇ ನನ್ನ ಟಿಕೆಟ್ಟು!” ಎಂದು ಬಂಡೆಗೆ ಕೈಬಡಿದು ನಕ್ಕರು. ಮೂರು ತಿಂಗಳಲ್ಲಿ ಅವರು ‘ಬರ್ಕೊಳ್ಳಿ’ ಎನ್ನದೆ ಹೇಳಿದ ಮಾತು ಅದೊಂದೇ. ನನ್ನ ಪೆನ್ನು ಜೀಪಿನಲ್ಲಿತ್ತು.

ಅದನ್ನು ಮನೆಗೆ ಬಂದು ಬರೆದೆ. ಅವರು ಹಾಳೆ ಆಡಿಸಿ ನೋಡಿ, ರೈಲ್ವೆಯವರು ಹಳೇ ದಂಡ ಕೇಳಿದರೆ ಎಂದು ಚಿಂತಿಸಿ, ‘ಆರಂಭಿಕ ಮಾರುಕಟ್ಟೆ ಅಧ್ಯಯನಕ್ಕಾಗಿ ಬೆಂಗಳೂರಿಗೆ ತೆರಳಿದೆ’ ಎಂದು ಮಾಡಿಸಿದರು.

ಹೆಸರಿನ ಪ್ರಶ್ನೆಯೊಂದು ಉಳಿದಿತ್ತು. ಒಳಪುಟದ ಮೂಲೆಯಲ್ಲಾದರೂ ‘ನಿರೂಪಣೆ’ ಎಂದು ನನ್ನ ಹೆಸರು ಬರಲಿ ಎಂಬ ಸಣ್ಣ ಆಸೆ ನನಗೆ. ನೇರವಾಗಿ ಕೇಳಲು ಸಂಕೋಚ. ಊರಿನ ಹತ್ತಿರದ ಅಮೃತಾಪುರಕ್ಕೆ ಕರೆದುಕೊಂಡು ಹೋದೆ. 1196ರಲ್ಲಿ, ವೀರಬಲ್ಲಾಳನ ಕಾಲದಲ್ಲಿ ಅಮೃತೇಶ್ವರ ದಂಡನಾಯಕ ಕಟ್ಟಿಸಿದ ದೇವಸ್ಥಾನ. ಅಲ್ಲಿಯ ದೊಡ್ಡ ಶಾಸನದಲ್ಲಿ ಕವಿಚಕ್ರವರ್ತಿ ಜನ್ನನ ಪದ್ಯಗಳಿವೆ. ಕಲ್ಲಿನ ಮುಂದೆ ನಿಲ್ಲಿಸಿ ಪೀಠಿಕೆ ಹಾಕಿದೆ: “ನೋಡಿ, ಕಟ್ಟಿಸಿದವರ ಹೆಸರೂ ಉಳಿದಿದೆ, ಬರೆದವರ ಹೆಸರೂ ಉಳಿದಿದೆ.”

ಸಾಹುಕಾರರು ಕಲ್ಲನ್ನು ಮೇಲಿಂದ ಕೆಳಗೆ ನೋಡಿದರು. “ಊರ ಹೆಸರೇನು?”

“ಅಮೃತಾಪುರ.”

“ದೇವರ ಹೆಸರು?”

“ಅಮೃತೇಶ್ವರ.”

“ಎರಡೂ ದುಡ್ಡು ಹಾಕಿದೋನದ್ದೇ ಆಯ್ತಲ್ಲ. ಜನ್ನನ ಹೆಸರಲ್ಲಿ ಯಾವೂರಿದೆ?”

“ಭದ್ರಾವತಿಯಲ್ಲಿ ಜನ್ನಾಪುರ ಇದೆ” ಎಂದುಬಿಟ್ಟೆ. ಕವಿಗೂ ಆ ಬಡಾವಣೆಗೂ ನಂಟು ಹಾಕುವ ಮಟ್ಟಕ್ಕೆ ನನ್ನ ಪ್ರಾಮಾಣಿಕತೆ ಅಷ್ಟರಲ್ಲಿ ಇಳಿದಿತ್ತು, ಸಹವಾಸದೋಷ. ಆಮೇಲೆ ಇನ್ನೂ ದೊಡ್ಡ ತಪ್ಪು ಮಾಡಿದೆ. ವಾಪಸು ಬರುವಾಗ ಕುಮಾರವ್ಯಾಸನ ಮಾತು ತೆಗೆದೆ: ಗದುಗಿನ ವೀರನಾರಾಯಣನೇ ಕವಿ, ತಾನು ಬರೆದುಕೊಳ್ಳುವವನಷ್ಟೇ ಎಂದು ಆ ಮಹಾನುಭಾವ ಹೇಳಿಕೊಂಡಿದ್ದಾನೆ ಎಂದೆ. ಸಾಹುಕಾರರು ಬ್ರೇಕ್ ಒತ್ತಿ ಜೀಪು ನಿಲ್ಲಿಸಿದರು. “ಅಷ್ಟು ದೊಡ್ಡ ಕವೀನೇ ಹಂಗೆ ಅಂದಿದಾನಾ? ಮತ್ತೆ ನಿಮ್ದೇನು ಮೇಷ್ಟ್ರೇ? ನನ್ನನ್ನ ವೀರನಾರಾಯಣ ಅಂದ್ಕೊಂಬಿಡಿ.”

ಆ ಮನೆಯಲ್ಲಿ ನಿಜವಾಗಿ ಪುಸ್ತಕ ಓದಿದವರು ಅವರ ಹೆಂಡತಿ ಒಬ್ಬರೇ. ಕರಡಿನ ಹಾಳೆಗಳನ್ನು ಅಡುಗೆಮನೆಯ ಕಟ್ಟೆಯ ಮೇಲೆ ಹರಡಿಕೊಂಡು, ಹಾಲಿನ ಲೆಕ್ಕದ ಪೆನ್ಸಿಲಿನಲ್ಲಿ ಗುರುತು ಹಾಕುತ್ತಿದ್ದರು. ನಾನು ಕಂಡ ಸಂಪಾದಕರಲ್ಲಿ ಅಷ್ಟು ಕಟ್ಟುನಿಟ್ಟಿನವರು ಇನ್ನೊಬ್ಬರಿಲ್ಲ. ‘ಏಕಾಂಗಿಯಾಗಿ ಬಂಡವಾಳ ಹೂಡಿದೆ’ ಎಂಬ ಸಾಲಿನ ಕೆಳಗೆ ಎರಡು ಗೆರೆ ಬಿದ್ದಿದ್ದವು.

“ಇದು ಯಾವ ಬಂಡವಾಳ ಮೇಷ್ಟ್ರೇ? ನನ್ನ ಎರಡೆಳೆ ಸರ ಅಡ ಇಟ್ಟಿದ್ದಲ್ವಾ?”

ಸಾಹುಕಾರರು ಪೇಪರ್ ಓದುವವರಂತೆ ಮುಖ ಮುಚ್ಚಿಕೊಂಡರು. ಪೇಪರು ನಿನ್ನೆಯದು.

“ಬಿಡಿಸಿಕೊಂಡು ಬಂದ್ರಾಮ್ಮ?” ಎಂದೆ.

“ಕೇಳಿದೆ. ಅದು ಎರಡನೇ ಮುದ್ರಣಕ್ಕೆ ಅಂದ್ರು.”

ಕೊನೆಯ ಫಾರಂಗಳಲ್ಲಿ ನನ್ನ ದೆವ್ವತನ ಪರಾಕಾಷ್ಠೆ ಮುಟ್ಟಿತು. ಗಣ್ಯರ ಶುಭಸಂದೇಶ ಬೇಕೆಂದು ಹೋದರೆ ಅವರ ಆಪ್ತ ಸಹಾಯಕ, “ನೀವೇ ಬರ್ಕೊಂಬನ್ನಿ, ಸೈನ್ ಆಗುತ್ತೆ” ಎಂದ. ಬರೆದೆ. ಮುನ್ನುಡಿ ಒಪ್ಪಿಕೊಂಡಿದ್ದ ದೊಡ್ಡವರಿಗೆ ಪುರುಸೊತ್ತಿರಲಿಲ್ಲ, ಅದನ್ನೂ ಬರೆದೆ. ಬೆನ್ನುಡಿಯೂ ನನ್ನದೇ. ‘ಲೇಖಕರ ಭಾಷೆ ತಿಳಿಯಾದ ಹಳ್ಳದ ನೀರಿನಂತೆ ಹರಿಯುತ್ತದೆ’ ಎಂದು ಮುನ್ನುಡಿಯಲ್ಲಿ ಒಂದು ವಾಕ್ಯವಿದೆ. ಇಡೀ ಪುಸ್ತಕದಲ್ಲಿ ನಾನು ಮನಸ್ಸು ಬಿಚ್ಚಿ, ಎಳ್ಳಷ್ಟೂ ಅಳುಕಿಲ್ಲದೆ ಬರೆದದ್ದು ಅದೊಂದೇ.

ಶೀರ್ಷಿಕೆ ಅವರೇ ಇಟ್ಟರು: ‘ಹೆಬ್ಬೆಯ ಹೆಬ್ಬುಲಿ’. 1998ರಿಂದ ಭದ್ರಾ ಹುಲಿ ಸಂರಕ್ಷಿತ ಪ್ರದೇಶವಾಗಿರುವ ಕಾಡು ಅದು, ಅಸಲಿ ಹುಲಿಗಳು ಏನೆಂದುಕೊಂಡಾವು ಎಂದು ಕೇಳಿದೆ. ಅವಕ್ಕೆ ಜಿಎಸ್‌ಟಿ ನಂಬರ್ ಇದೆಯಾ ಎಂದರು.

ಬಿಡುಗಡೆ ತರೀಕೆರೆಯ ಒಂದು ಕಲ್ಯಾಣ ಮಂಟಪದಲ್ಲಿ. ಊಟ ಚೆನ್ನಾಗಿದ್ದುದರಿಂದ ಸಾಹಿತ್ಯಾಸಕ್ತರು ಬಹಳ. ರಕ್ಷಾಪುಟದಲ್ಲಿ ಸಾಹುಕಾರರು ಕೈಕಟ್ಟಿ ನಿಂತಿದ್ದರು, ಹಿಂದೆ ಜಲಪಾತ, ಸಾವಿರ ಅಡಿಯದ್ದು. ಮೈಕಿನ ಮುಂದೆ ಅವರು, “ಈ ಪುಸ್ತಕ ಬರೆಯುವಾಗ ಎಷ್ಟೋ ರಾತ್ರಿ ನಿದ್ದೆ ಮಾಡಿಲ್ಲ. ಒಂದೊಂದು ಪದಕ್ಕೂ ತಿಣುಕಿದ್ದೇನೆ” ಎಂದು ಹೇಳುವಾಗ ಗಂಟಲು ಕಟ್ಟಿ, ಕಣ್ಣು ಒರೆಸಿಕೊಂಡರು. ನಾಟಕವಲ್ಲ. ಅಷ್ಟರಲ್ಲಿ ಅವರಿಗೆ ಅದು ಖಂಡಿತ ನಿಜವಾಗಿತ್ತು. ನನಗೂ ಪಾಪ ಅನ್ನಿಸಿತು, ಎಷ್ಟು ಕಷ್ಟಪಟ್ಟು ಬರೆದಿದ್ದಾರೆ ಎಂದು.

ಆಮೇಲೆ ಹಸ್ತಾಕ್ಷರದ ಸರದಿ. ಕಂಪನಿ ನಾಟಕದಲ್ಲಿ ಮಾತು ಹೇಳಿಕೊಡುವವನ ಹಾಗೆ ನನ್ನನ್ನು ಅವರ ಕುರ್ಚಿಯ ಹಿಂದೆ ನಿಲ್ಲಿಸಿದ್ದರು. ಒಬ್ಬೊಬ್ಬರು ಪುಸ್ತಕ ಚಾಚಿದಾಗಲೂ ತಲೆ ಹಿಂದಕ್ಕೆ ವಾಲಿಸಿ, ತುಟಿ ಅಲ್ಲಾಡಿಸದೆ, “ಏನಂತ ಬರೀಲಿ?” ಎನ್ನುವರು. ಇಂಜಿನಿಯರಿಗೆ ‘ಗೌರವಪೂರ್ವಕವಾಗಿ’, ಮಂಡಿಯ ಗುಮಾಸ್ತರಿಗೆ ‘ಪ್ರೀತಿಯಿಂದ’, ಬ್ಯಾಂಕಿನ ಮ್ಯಾನೇಜರಿಗೆ ‘ಎಂದೆಂದಿಗೂ ಋಣಿ’. ಕೊನೆಯದು ಅವರಿಗೆ ಅಷ್ಟಾಗಿ ಹಿಡಿಸಲಿಲ್ಲ.

ಮಂಟಪ ಖಾಲಿಯಾದ ಮೇಲೆ ಒಂದು ಪ್ರತಿ ಎತ್ತಿಕೊಂಡು ನನ್ನ ಕಡೆ ತಿರುಗಿ, ಪೆನ್ನು ತೆರೆದು, ಅಭ್ಯಾಸಬಲದಿಂದ ಮತ್ತೆ ಕೇಳಿದರು.

“ಏನಂತ ಬರೀಲಿ ಮೇಷ್ಟ್ರೇ?”

“ಯಾರಿಗೆ?”

“ನಿಮಗೇ.”

ಹೇಳಿಕೊಟ್ಟೆ: ‘ಮೇಷ್ಟ್ರಿಗೆ, ಹೃತ್ಪೂರ್ವಕ ಕೃತಜ್ಞತೆಗಳೊಂದಿಗೆ.’ ನಾಲಗೆ ಹಲ್ಲಿನ ನಡುವೆ ಕಚ್ಚಿಕೊಂಡು, ಒಂದೊಂದು ಅಕ್ಷರ ನಿಧಾನ ಮೂಡಿಸಿದರು. ಬಗ್ಗಿ ನೋಡಿದೆ. ಪ ಒತ್ತಿನ ಹೊಟ್ಟೆ ಸೀಳಿ ‘ಹೃತ್ಫೂರ್ವಕ’ ಮಾಡಿದ್ದರು. ಮೂವತ್ತು ವರ್ಷದ ಚಟ, ಕೈ ತಾನಾಗಿ ಜೇಬಿನ ಕೆಂಪು ಪೆನ್ನಿಗೆ ಹೋಯಿತು.

ಸಾಹುಕಾರರು ಪುಸ್ತಕ ಮುಚ್ಚಿ ನನ್ನ ಕೈಗಿಟ್ಟರು.

“ಇರ್ಲಿ ಬಿಡಿ ಮೇಷ್ಟ್ರೇ. ಎರಡನೇ ಮುದ್ರಣಕ್ಕೆ ನೋಡೋಣ.”